ಮುಳುಗಡೆ ಹಿರಿಯರ ಮಾತು ದಾಖಲಿಸಲು ಯಾವ ಕ್ಯಾಮೆರಾ? ಮೂರು ಗಂಟೆ ನಿಲ್ಲದೆ ಓಡಬೇಕು

ಶರಾವತಿ ದಂಡೆ

ಎಲ್ಲರಿಗೂ ನಮಸ್ಕಾರ. ನಾನು ಸಾಗರದ ಕಡೆಯವಳು. ಶರಾವತಿಗೆ ಕಟ್ಟಿದ ಲಿಂಗನಮಕ್ಕಿ ಅಣೆಕಟ್ಟೆಯ ಮುಳುಗಡೆಯಲ್ಲಿ ಮನೆ, ಗದ್ದೆ, ತೋಟ ಬಿಟ್ಟು ಬಂದ ಹಿರಿಯರನ್ನು ಮಾತಾಡಿಸಿ ವಿಡಿಯೊ ಮಾಡಿಡಲು ಹೊರಟಿದ್ದೇನೆ. ಅಣೆಕಟ್ಟೆ ಮುಗಿದದ್ದು 1964ರಲ್ಲಿ. ಆಗ ಹದಿನೈದು ವರ್ಷದವರಾಗಿದ್ದವರಿಗೆ ಈಗ ಎಪ್ಪತ್ತೈದು ದಾಟಿದೆ. ಆಗಲೇ ಸಂಸಾರ ಹೂಡಿದ್ದವರು ಬೆರಳೆಣಿಕೆಯಷ್ಟು ಉಳಿದಿದ್ದಾರೆ. ಕೆಲಸ ಬೇಗ ಆಗಬೇಕು.

ಮೊದಲ ಪ್ರಯತ್ನದಲ್ಲೇ ಪೆಟ್ಟು ತಿಂದೆ. ಕಳೆದ ತಿಂಗಳು ಒಂದು ಮಿರರ್‌ಲೆಸ್ ಕ್ಯಾಮೆರಾ ಬಾಡಿಗೆಗೆ ತಂದಿದ್ದೆ. ಅಂಗಡಿಯವರು “ವಿಡಿಯೊಗೆ ಏನೂ ತೊಂದರೆ ಇಲ್ಲ” ಅಂದಿದ್ದರು. ಎಂಬತ್ತೆರಡರ ಅಜ್ಜ ಒಬ್ಬರು ಜಗುಲಿಯ ಮೇಲೆ ಕೂತು, ಊರು ಬಿಡುವ ಹಿಂದಿನ ದಿನ ಕೊಟ್ಟಿಗೆಯ ದನಗಳನ್ನು ಏನು ಮಾಡಿದೆವು ಅಂತ ಹೇಳತೊಡಗಿದರು. ಕಣ್ಣು ಮುಚ್ಚಿಕೊಂಡು, ನಿಧಾನಕ್ಕೆ, ಒಂದೊಂದೇ ಹಸುವಿನ ಹೆಸರು ಹಿಡಿದು. ನಾನು ಅವರ ಮುಖವನ್ನೇ ನೋಡುತ್ತ ಕೂತಿದ್ದೆ, ಕ್ಯಾಮೆರಾದ ಕಡೆ ನೋಡಲಿಲ್ಲ. ಮಾತು ಮುಗಿದ ಮೇಲೆ ನೋಡಿದರೆ 29 ನಿಮಿಷ 59 ಸೆಕೆಂಡಿಗೆ ರೆಕಾರ್ಡಿಂಗ್ ತಾನಾಗಿ ನಿಂತಿದೆ. ಹದಿನೆಂಟು ನಿಮಿಷದ ಮಾತು ಹೋಯಿತು. ಮಾರನೇ ದಿನ ಮತ್ತೆ ಕೇಳಿದೆ. “ನಿನ್ನೆನೇ ಹೇಳಿದ್ನಲ್ಲೆ ತಂಗಿ, ದನ ಎಲ್ಲ ಕೊಟ್ವಿ” ಅಂದರು. ಒಂದು ಹಸುವಿನ ಹೆಸರೂ ಬರಲಿಲ್ಲ.

ಈಗ ಸ್ವಂತಕ್ಕೆ ತೆಗೆದುಕೊಳ್ಳಬೇಕು ಅಂತ ನಿರ್ಧಾರ ಮಾಡಿದ್ದೇನೆ. ಕೈಯಲ್ಲಿರುವುದು ಒಂದೂವರೆ ಲಕ್ಷ, ಎಲ್ಲಾ ಸೇರಿ. ಸುಮಾರು 40 ಜನರ ಪಟ್ಟಿ ಇದೆ, ಒಬ್ಬೊಬ್ಬರದು ಎರಡು ಮೂರು ಗಂಟೆ. ಹಂಚಿನ ಮನೆಗಳು, ಒಳಗೆ ಕತ್ತಲೆ. ಮಳೆಗಾಲದಲ್ಲಿ ಕರೆಂಟು ಇದ್ದರೆ ಇತ್ತು. ಬಹುತೇಕ ನಾನೊಬ್ಬಳೇ, ಒಮ್ಮೊಮ್ಮೆ ತಮ್ಮ ಬರುತ್ತಾನೆ. ಏನು ಕೊಳ್ಳಲಿ?

ಬೆಂಗಳೂರು ಫ್ರೇಮ್ಸ್

ಮೇಡಂ, ಓದಿ ಸಂಕಟ ಆಯಿತು. ನೇರವಾಗಿ ಹೇಳುತ್ತೇನೆ: ಸೋನಿ ಎಫ್‌ಎಕ್ಸ್30 ನೋಡಿ. 2022ರಲ್ಲಿ ಬಂದದ್ದು. ಬಾಡಿಯಲ್ಲೇ (ಲೆನ್ಸು ಬಿಟ್ಟು ಉಳಿದ ಕ್ಯಾಮೆರಾದಲ್ಲೇ) ಬಿಸಿ ತಣಿಸುವ ಫ್ಯಾನ್ ಇದೆ, ಅರ್ಧ ಗಂಟೆಯ ಮಿತಿ ಇಲ್ಲ, ಕಾರ್ಡು ಬ್ಯಾಟರಿ ಇರುವ ತನಕ ಓಡುತ್ತದೆ. ಬಣ್ಣವನ್ನು ಹೆಚ್ಚು ನಯವಾಗಿ ಹಿಡಿಯುವ 10 ಬಿಟ್ 4:2:2, ಎರಡು ಕಾರ್ಡ್ ಸ್ಲಾಟ್, ಮುಖ ಹಿಡಿದು ಬಿಡದ ಆಟೊಫೋಕಸ್. ಒಬ್ಬರೇ ಪ್ರಶ್ನೆ ಕೇಳುತ್ತ ಕ್ಯಾಮೆರಾನೂ ನೋಡಿಕೊಳ್ಳುವಾಗ ಆ ಆಟೊಫೋಕಸ್ ದೊಡ್ಡ ಆಸರೆ. ಸೆಕೆಂಡ್‌ಹ್ಯಾಂಡ್ ಸಿಕ್ಕರೂ ನಿಮ್ಮ ಬಜೆಟ್ಟಿನ ಬಹುಪಾಲು ಅದಕ್ಕೇ ಹೋಗುತ್ತದೆ, ಅದು ನಿಜ. ಆದರೆ ಹತ್ತು ವರ್ಷ ಬಾಳುವ ಕೆಲಸ ಮಾಡುತ್ತಿದ್ದೀರಿ.

ಟೊರಾಂಟೊ ಕನ್ನಡಿಗ

ಆ 29:59 ಯಾಕೆ ಅಂತ ಕೆಲವರಿಗೆ ಗೊತ್ತಿರಲಿಕ್ಕಿಲ್ಲ. ಅದು ಯಂತ್ರದ ದೌರ್ಬಲ್ಯ ಅಲ್ಲ, ಸುಂಕದ ಲೆಕ್ಕ. ಯುರೋಪಿಯನ್ ಒಕ್ಕೂಟದಲ್ಲಿ ಒಂದೇ ಸಮನೆ ಅರ್ಧ ಗಂಟೆ ರೆಕಾರ್ಡ್ ಮಾಡಬಲ್ಲದ್ದನ್ನು ವಿಡಿಯೊ ಕ್ಯಾಮೆರಾ ಅಂತ ಲೆಕ್ಕ ಹಿಡಿದು ಹೆಚ್ಚು ಸುಂಕ ಹಾಕುತ್ತಿದ್ದರು. ಅದನ್ನು ತಪ್ಪಿಸಲು ಸ್ಟಿಲ್ ಕ್ಯಾಮೆರಾ ಕಂಪನಿಗಳು ಒಂದು ಸೆಕೆಂಡ್ ಕಡಿಮೆ ಮಾಡಿ ನಿಲ್ಲಿಸಿದವು, ಅದೇ ಮಾದರಿ ಜಗತ್ತಿಗೆಲ್ಲ ಹೋಯಿತು. ಈಗ ಬಹಳಷ್ಟು ಮಾದರಿಗಳಲ್ಲಿ ಬಿಟ್ಟಿದ್ದಾರೆ. ಉದಾಹರಣೆಗೆ ಕ್ಯಾನನ್ ಆರ್6ನಲ್ಲಿ ಈ ಮಿತಿ ಇತ್ತು, 2022ರ ಆರ್6 ಮಾರ್ಕ್ 2ರಲ್ಲಿ 6 ಗಂಟೆ ತನಕ ಹೋಗುತ್ತದೆ. ಸೆಕೆಂಡ್‌ಹ್ಯಾಂಡ್ ಕೊಳ್ಳುವವರು ಮಾದರಿಯ ಹೆಸರಿನ ಕೊನೆಯ ಅಂಕಿಯನ್ನೂ ಓದಬೇಕು.

ಧಾರವಾಡ ಸೌಂಡ್

ಅಕ್ಕಾರ, ಕ್ಯಾಮೆರಾ ಮಾತು ಆಮ್ಯಾಲೆ ಮಾಡೂಣು. ಮೊದಲ ಮೈಕ್ ಏನ್ ತಗೊಂತೀರಿ ಅದನ್ನ ಹೇಳ್ರಿ. ಚಿತ್ರ ಸ್ವಲ್ಪ ಮಬ್ಬಾದ್ರ ಮಂದಿ ನೋಡ್ತಾರ. ಮಾತು ತಿಳೀಲಿಲ್ಲಂದ್ರ ಎರಡ ನಿಮಿಷಕ್ಕ ಎದ್ದ ಹೋಗ್ತಾರ. ವಯಸ್ಸಾದವ್ರ ದನಿ ಸಣ್ಣದಿರ್ತದ, ಹಲ್ಲು ಹೋಗಿರ್ತಾವ, ಬಾಯಾಗ ಎಲಿ ಅಡಿಕಿ ಇರ್ತದ. ಕ್ಯಾಮೆರಾ ತಲಿ ಮ್ಯಾಲೆ ಕುಂತ ಮೈಕ್ ಒಂದೂವರಿ ಮೀಟರ್ ದೂರದಿಂದ ಅದನ್ನ ಹಿಡಿಯಾಂಗಿಲ್ಲ, ಗೋಡಿ ಪ್ರತಿಧ್ವನಿನ ಹಿಡಿತದ.

ಕಾಲರ್ ಮೈಕ್ ಬೇಕ ಬೇಕು. ಗದ್ದದಿಂದ ಒಂದ ಗೇಣು ಕೆಳಗ. ಸೀರಿ ಉಟ್ಟವ್ರಿಗೆ ಸೆರಗಿನ ಅಂಚಿಗೆ ಹಚ್ಚಬ್ಯಾಡ್ರಿ, ಕೈ ಆಡಿಸಿದಾಗೊಮ್ಮೆ ಸರಸರ ಅಂತದ. ಕುಬಸದ ಅಂಚಿಗೆ ಹಚ್ಚಿ, ವೈರ್ ಒಂದ ಸುತ್ತು ಸಡಿಲ ಬಿಟ್ಟು ಟೇಪ್ ಅಂಟಿಸ್ರಿ. ಮೈಮ್ಯಾಲೆ ಅಂಗಿ ಇಲ್ಲದ ಬರೇ ಟವೆಲ್ ಹೊದ್ದ ಕುಂತ ಅಜ್ಜಾರು ಸಿಗ್ತಾರ. ಅವ್ರಿಗೆ ಅಂಗಿ ಹಾಕ್ಕೋರಿ ಅಂತ ಹೇಳಾಕ ಹೋಗಬ್ಯಾಡ್ರಿ. ಎದಿ ಮ್ಯಾಲೆ ಗಾಯಕ್ಕ ಹಚ್ಚೂ ಟೇಪ್ ಹಾಕಿ ಮೈಕ್ ಅಂಟಿಸಬಹುದು. ಅದೂ ಬ್ಯಾಡಂದ್ರ ಫ್ರೇಮಿನ ಹೊರಗ, ತಲಿ ಮ್ಯಾಲಿಂದ, ಸ್ಟ್ಯಾಂಡಿಗೆ ಒಂದ ಬೂಮ್ ಮೈಕ್. ಸಣ್ಣ ಕೋಲಿಯೊಳಗ ಉದ್ದನ ಶಾಟ್‌ಗನ್ ಮೈಕ್‌ಗಿಂತ ಹೈಪರ್‌ಕಾರ್ಡಿಯಾಯ್ಡ್ (ಹೆಚ್ಚಾಗಿ ಎದುರಿನ ದನಿ ಹಿಡಿಯೂ ಸಣ್ಣ ಮೈಕ್) ಛಲೋ, ಪ್ರತಿಧ್ವನಿ ಕಡಿಮಿ.

ವೈರ್‌ಲೆಸ್ ತಗೊಂಡ್ರ ಟ್ರಾನ್ಸ್‌ಮಿಟರ್ ಒಳಗ ತಾನ ರೆಕಾರ್ಡ್ ಮಾಡ್ಕೊಳ್ಳೋದ ತಗೋರಿ. ರೋಡ್ ವೈರ್‌ಲೆಸ್ ಗೋ 2, ಡಿಜೆಐ ಮೈಕ್, ಎರಡರಾಗೂ ಅದು ಐತಿ. ಸಿಗ್ನಲ್ ಹರಿದ್ರೂ ಮಾತು ಉಳಿತದ. ರೊಕ್ಕ ಕಡಿಮಿ ಇದ್ರ ವೈರ್ ಇರೋ ಮೈಕು, ಒಂದ ಸಣ್ಣ ರೆಕಾರ್ಡರ್ ಸಾಕು. ಝೂಮ್ ಎಫ್3 ಅಂಥದ್ದು 32 ಬಿಟ್ ಫ್ಲೋಟ್‌ನಾಗ ರೆಕಾರ್ಡ್ ಮಾಡ್ತದ. ಅಜ್ಜಿ ಪಿಸುಗುಟ್ಟಿ ಹೇಳಿ ಮರುಕ್ಷಣ ಜೋರಾಗಿ ನಕ್ಕರೂ ಒಡಿಯಾಂಗಿಲ್ಲ, ಆಮ್ಯಾಲೆ ಸರಿ ಮಾಡಬಹುದು. ಬ್ಯಾರೆ ರೆಕಾರ್ಡರ್ ಬಳಸಿದ್ರ ಶುರುವಿಗೊಮ್ಮೆ, ಕಡಿಗೊಮ್ಮೆ ಚಪ್ಪಾಳಿ ತಟ್ರಿ. ಎರಡ ತಾಸಿನ ಮ್ಯಾಲೆ ತುಟಿಗೂ ದನಿಗೂ ಕೆಲವು ಫ್ರೇಮ್ ಅಂತರ ಬೀಳ್ತದ. ಕಡಿ ಚಪ್ಪಾಳಿ ಇದ್ರ ಎಳದ ಕೂಡಿಸಬಹುದು.

ಹೆಡ್‌ಫೋನ್ ಹಾಕ್ಕೊಂಡ ಕುಂದರ್ರಿ. ಇಲ್ಲಂದ್ರ ತಮ್ಮನ ಕಿವಿಗಾದ್ರೂ ಹಾಕ್ರಿ. ಫ್ರಿಜ್ ಬಂದ್ ಮಾಡಿ ನಿಮ್ಮ ಗಾಡಿ ಕೀಲಿ ಫ್ರಿಜ್‌ನಾಗ ಇಡ್ರಿ. ಹೋಗೂ ಮುಂದ ಕೀಲಿ ಹುಡುಕ್ತೀರಿ, ಫ್ರಿಜ್ ಚಾಲು ಮಾಡೂದು ನೆನಪಾಕ್ಕತಿ. ಗಡಿಯಾರ ತಗದ ಬ್ಯಾರೆ ಕೋಲಿಗಿ ಇಡ್ರಿ. ಕಡಿಗೆ ಎಲ್ಲಾರೂ ಸುಮ್ಮ ಕುಂತು ಒಂದ ನಿಮಿಷ ಬರೇ ಕೋಲಿ ಸಪ್ಪಳ ರೆಕಾರ್ಡ್ ಮಾಡ್ರಿ, ಎಡಿಟಿಂಗ್‌ನಾಗ ತೇಪಿ ಹಾಕಾಕ ಬೇಕಾಕ್ಕತಿ.

ಬೀಟಾ ಕಾಲದವ

ಧಾರವಾಡದವರು ಹೇಳಿದ್ದನ್ನು ಒಂದಕ್ಷರ ಬಿಡದೆ ಪಾಲಿಸಿ. ನಾನು ಹಳೇ ಟಿವಿ ಕಾಲದ ಟೇಪ್ ಕ್ಯಾಮೆರಾ ಬೀಟಾಕ್ಯಾಮ್ ಎಸ್‌ಪಿ ಹೊತ್ತವನು. ಕ್ಯಾಮೆರಾದ ಸಣ್ಣ ಕ್ಯಾಸೆಟ್ 30 ನಿಮಿಷ. ನನಗಿಂತ ಹಿಂದಿನವರು 16 ಎಂ.ಎಂ. ಫಿಲ್ಮಿನಲ್ಲಿ ಮಾಡುವಾಗ 400 ಅಡಿಯ ಮ್ಯಾಗಝಿನ್ 11 ನಿಮಿಷಕ್ಕೆ ಖಾಲಿ. ಹಾಗಾಗಿ ಕ್ಯಾಸೆಟ್ ಮುಗಿಯುವ ಎರಡು ನಿಮಿಷ ಮೊದಲೇ ಸಂದರ್ಶಕರ ಭುಜ ಮುಟ್ಟಿ ತಿಳಿಸುವುದು ನಮ್ಮ ಕೆಲಸದ ಭಾಗ. ಮಾತನ್ನು ಒಂದು ತಂಗುದಾಣಕ್ಕೆ ತಂದು ನಿಲ್ಲಿಸಿ, ನೀರು ಕೊಟ್ಟು, ಕ್ಯಾಸೆಟ್ ಬದಲಿಸುತ್ತಿದ್ದೆವು. ಈಗಿನ ಯಂತ್ರ ಮೂರು ಗಂಟೆ ಓಡುತ್ತದೆ ಅಂತಾದರೂ ಆ ಎಚ್ಚರ ಬಿಡಬೇಡಿ. ಇಪ್ಪತ್ತು ನಿಮಿಷಕ್ಕೊಮ್ಮೆ ಕೆಂಪು ಗುರುತು ಇದೆಯೇ ಅಂತ ಕಣ್ಣಂಚಲ್ಲಿ ನೋಡಿ. ಆದರೆ ಕ್ಯಾಮೆರಾದ ಮುಂಭಾಗದ ಕೆಂಪು ದೀಪ ಆರಿಸಿ, ಹಿರಿಯರ ಕಣ್ಣು ಅದಕ್ಕೇ ಹೋಗುತ್ತದೆ.

ಕ್ಯಾಮೆರಾದ ಬಗ್ಗೆ ನನ್ನ ಅಭಿಪ್ರಾಯ ಬೇರೆ. ದುಡ್ಡೆಲ್ಲ ಕ್ಯಾಮೆರಾ ಬಾಡಿಯೊಂದಕ್ಕೇ ಸುರಿಯಬೇಡಿ. 2017ರ ಪ್ಯಾನಸೋನಿಕ್ ಜಿಎಚ್5 ಸೆಕೆಂಡ್‌ಹ್ಯಾಂಡ್ ಸಿಗುತ್ತದೆ. ಅವಧಿಯ ಮಿತಿ ಇಲ್ಲ, 4ಕೆ 25 ಫ್ರೇಮಿನಲ್ಲಿ 10 ಬಿಟ್ 4:2:2, ಎರಡು ಎಸ್‌ಡಿ ಕಾರ್ಡು, ಎರಡಕ್ಕೂ ಒಟ್ಟಿಗೇ ಬರೆಯುವ ಬ್ಯಾಕಪ್ ಸೌಲಭ್ಯ. ಅದರ ಆಟೊಫೋಕಸ್ ಮಂದ ಬೆಳಕಲ್ಲಿ ಹಿಂದೆ ಮುಂದೆ ಹುಡುಕಾಡುತ್ತದೆ, ವಿಡಿಯೊದಲ್ಲಿ ನಂಬಬೇಡಿ. ನಂಬುವ ಅಗತ್ಯವೂ ಇಲ್ಲ. ಕೂತವರು ಎಲ್ಲಿಗೂ ಓಡಿಹೋಗುವುದಿಲ್ಲ, ಮ್ಯಾನುಯಲ್ ಫೋಕಸ್ ಇಟ್ಟುಬಿಡಿ.

ಇಲ್ಲೇ ಒಂದು ಲೆಕ್ಕ ನೋಡಿ. ದೊಡ್ಡ ಸೆನ್ಸರಿನ ಫುಲ್‌ಫ್ರೇಮ್ ಕ್ಯಾಮೆರಾದಲ್ಲಿ 85 ಎಂ.ಎಂ. ಲೆನ್ಸು, ಎಫ್ 1.8 (ಎಫ್ ಅಂದರೆ ಲೆನ್ಸಿನ ಕಿಂಡಿಯ ಅಳತೆ, ಅಂಕಿ ಹೆಚ್ಚಿದಷ್ಟು ಕಿಂಡಿ ಕಿರಿದು), ಎರಡು ಮೀಟರ್ ದೂರ. ಸ್ಪಷ್ಟವಾಗಿ ಕಾಣುವ ಆಳ ಹೆಚ್ಚುಕಡಿಮೆ 6 ಸೆಂ.ಮೀ. ಅಜ್ಜಿ ಎಲೆಗೆ ಸುಣ್ಣ ಹಚ್ಚಲು ಬಗ್ಗಿದರೆ ಮುಖ ಮಬ್ಬು. ಜಿಎಚ್5ನಲ್ಲಿ 25 ಎಂ.ಎಂ., ಎಫ್ 2.8, ಒಂದೂವರೆ ಮೀಟರ್ ಅಂದರೆ ಸುಮಾರು 30 ಸೆಂ.ಮೀ. ಬಗ್ಗಿ ಎದ್ದರೂ ಹೆಚ್ಚುಕಡಿಮೆ ಒಳಗೇ ಇರುತ್ತಾರೆ. ಹಿನ್ನೆಲೆ ಬೆಣ್ಣೆಯಂತೆ ಕರಗಬೇಕು ಅಂತ ಈಗಿನ ಹುಡುಗರಿಗೆ ಆಸೆ. ನಿಮ್ಮ ಕೆಲಸಕ್ಕೆ ಹಿನ್ನೆಲೆ ಕಾಣಬೇಕು. ಹಿಂದಿನ ಗೋಡೆಯ ಮೇಲಿನ ಫೋಟೊ, ಆ ಕಂಬ, ಮುಳುಗಡೆಯಾದ ಮನೆಯಿಂದ ಬಿಚ್ಚಿ ತಂದು ಇಲ್ಲಿ ಕೂರಿಸಿದ ಬಾಗಿಲು, ಅದೂ ಅವರ ಕಥೆಯೇ ಅಲ್ಲವೆ?

ಟ್ರೈಪಾಡ್ ಕೊಳ್ಳುವಾಗ ಎಷ್ಟು ಎತ್ತರ ಹೋಗುತ್ತದೆ ಅಂತ ಎಲ್ಲರೂ ನೋಡುತ್ತಾರೆ. ನೀವು ಎಷ್ಟು ತಗ್ಗಿಗೆ ಇಳಿಯುತ್ತದೆ ಅಂತ ನೋಡಿ. ಹಳ್ಳಿಯ ಹಿರಿಯರು ನೆಲದ ಮೇಲೆ, ಜಗುಲಿಯ ಮೇಲೆ ಕೂರುತ್ತಾರೆ. ಕುರ್ಚಿ ತಂದು ಕೂರಿಸಿದರೆ ಸಭೆಗೆ ಬಂದವರ ಹಾಗೆ ಬಿಗಿಯಾಗುತ್ತಾರೆ. ಲೆನ್ಸು ಅವರ ಕಣ್ಣಿನ ಮಟ್ಟಕ್ಕೆ ಬರಬೇಕು, ನೀವು ಲೆನ್ಸಿಗೆ ಅಂಟಿಕೊಂಡಂತೆ ಪಕ್ಕದಲ್ಲೇ ನೆಲಕ್ಕೆ ಕೂರಬೇಕು.

ಬೆಂಗಳೂರು ಫ್ರೇಮ್ಸ್

ಸರ್, ಗೌರವ ಇಟ್ಟುಕೊಂಡೇ ಒಪ್ಪುವುದಿಲ್ಲ. ಮೂರು ಗಂಟೆಯಲ್ಲಿ ಅಜ್ಜ ಕೂತಲ್ಲೇ ಎರಡು ಸಲ ಜರುಗುತ್ತಾರೆ, ಗೋಡೆಗೆ ಒರಗುತ್ತಾರೆ. ಪ್ರಶ್ನೆ ಕೇಳುವವರ ಗಮನ ಮಾತಿನ ಮೇಲಿರುತ್ತದೆ, ಫೋಕಸ್ ತಪ್ಪಿದ್ದು ಗೊತ್ತಾಗುವುದು ಮನೆಗೆ ಬಂದ ಮೇಲೆ. ರೆಕಾರ್ಡಿಂಗ್ ನಿಂತದ್ದು ಮೇಡಂಗೆ ಆಮೇಲೆ ಗೊತ್ತಾದದ್ದೂ ಹೀಗೇ. ಫ್ಯಾನ್ ಇರುವ, ಫೇಸ್ ಡಿಟೆಕ್ಷನ್ ಗಟ್ಟಿ ಇರುವ 2023ರ ಪ್ಯಾನಸೋನಿಕ್ ಎಸ್5 ಮಾರ್ಕ್ 2 ಆದರೂ ಪರಿಗಣಿಸಿ, ಬಜೆಟ್ ಸ್ವಲ್ಪ ಎಳೆಯಲು ಆದರೆ.

ಬೀಟಾ ಕಾಲದವ

ಜರುಗುತ್ತಾರೆ, ನಿಜ. ಅದಕ್ಕೇ ಕಿಂಡಿಯನ್ನು ಎಫ್ 4ಕ್ಕೆ ಕಿರಿದು ಮಾಡಿ, ಬೆಳಕು ಹೆಚ್ಚಿಸಿ ಅನ್ನುವುದು, ಸ್ಪಷ್ಟ ಆಳ ಇನ್ನೂ ಹೆಚ್ಚುತ್ತದೆ. ಬಜೆಟ್ ಎಳೆಯಲು ಆಗುವುದಾದರೆ ಎಸ್5 ಮಾರ್ಕ್ 2 ಒಳ್ಳೆಯದೇ, ತಕರಾರಿಲ್ಲ. ಆದರೆ ಆ ಎಳೆದ ದುಡ್ಡು ಮೈಕಿನಿಂದಲೋ ಹಾರ್ಡ್ ಡಿಸ್ಕಿನಿಂದಲೋ ಕಿತ್ತದ್ದಾಗಬಾರದು.

ಬೆಳಕಿನ ಬಗ್ಗೆ ಯಾರೂ ಹೇಳಲಿಲ್ಲ. ಹಂಚಿನ ಮನೆಯಲ್ಲಿ ಗಾಜಿನ ಹಂಚು ಇರುತ್ತದೆ. ಅದರ ಬಿಸಿಲಕೋಲು ಎರಡು ಗಂಟೆಯಲ್ಲಿ ಗೋಡೆಯಿಂದ ಮುಖಕ್ಕೆ ಬಂದು ಕೂರುತ್ತದೆ. ಹಿಂದಿನ ದಿನ ಅದೇ ಹೊತ್ತಿಗೆ ಹೋಗಿ ನೋಡಿ ಬನ್ನಿ. ಕಿಟಕಿಯೋ ಜಗುಲಿಯ ತೆರೆದ ಬದಿಯೋ ಒಂದು ಪಕ್ಕಕ್ಕಿರಲಿ, ಇನ್ನೊಂದು ಪಕ್ಕಕ್ಕೆ ಬಿಳಿ ಪಂಚೆ ಹರವಿದರೆ ಮುಖದ ನೆರಳು ತುಂಬಿಕೊಳ್ಳುತ್ತದೆ. ಬ್ಯಾಟರಿಯಲ್ಲಿ ಉರಿಯುವ ಒಂದು ಎಲ್‌ಇಡಿ ಪ್ಯಾನೆಲ್ ಇರಲಿ, ನೇರ ಮುಖಕ್ಕೆ ಹೊಡೆಯದೆ ಬಟ್ಟೆಯ ಹಿಂದಿನಿಂದ ಬಿಡಿ. ಇನ್ನೊಂದು: ನಮ್ಮ ಕರೆಂಟು 50 ಹರ್ಟ್ಸ್. 25 ಫ್ರೇಮು, ಶಟರ್ 1/50 ಇಟ್ಟರೆ ಟ್ಯೂಬ್‌ಲೈಟು ಮಿಟುಕುವುದಿಲ್ಲ. 30 ಫ್ರೇಮು, 1/60 ಇಟ್ಟು ಮಾಡಿದ ಎಷ್ಟೋ ಸಂದರ್ಶನಗಳಲ್ಲಿ ಗೋಡೆ ಅಲೆಯಲೆಯಾಗಿ ಓಡುವುದನ್ನು ನೋಡಿದ್ದೇನೆ.

ಕರಾವಳಿ ಲೆನ್ಸ್

ಒಂದೇ ಮಾತು. ಮಲೆನಾಡಿನ ಮಳೆಗಾಲದಲ್ಲಿ ಲೆನ್ಸನ್ನು ಬ್ಯಾಗಿನಲ್ಲೇ ಮುಚ್ಚಿಟ್ಟರೆ ಫಂಗಸ್ ಬಾರದೆ ಇರದು. ಗಾಜಿನೊಳಗೆ ಜೇಡರಬಲೆ ಹಾಗೆ ಹಬ್ಬುತ್ತದೆ, ಎಷ್ಟು ಒರೆಸಿದರೂ ಹೋಗದು. ರಬ್ಬರ್ ಅಂಚಿನ ಗಾಳಿ ಆಡದ ಪ್ಲಾಸ್ಟಿಕ್ ಡಬ್ಬಿ, ಸಿಲಿಕಾ ಜೆಲ್, ಒಂದು ಸಣ್ಣ ತೇವಾಂಶ ಮಾಪಕ. 40ರಿಂದ 50 ಶೇಕಡಾ ನಡುವೆ ಇರಲಿ. ಸೆಕೆಂಡ್‌ಹ್ಯಾಂಡ್ ಲೆನ್ಸ್ ಕೊಳ್ಳುವಾಗ ಮೊಬೈಲ್ ಟಾರ್ಚ್ ಹಿಂದಿನಿಂದ ಬಿಟ್ಟು ಒಳಗೆ ನೋಡಿ ಮಾರಾಯ್ರೆ, ನಾನು ನೋಡದೆ ತಂದು ಕಳಕೊಂಡಿದ್ದೇನೆ.

ಶರಾವತಿ ದಂಡೆ

ಇಷ್ಟು ಜನ ಇಷ್ಟು ಹೊತ್ತು ಕೊಟ್ಟು ಬರೆದಿದ್ದೀರಿ, ಎರಡು ಸಲ ಓದಿದೆ. ಬೀಟಾ ಸರ್ ಹಾರ್ಡ್ ಡಿಸ್ಕು ಅಂದ ಮೇಲೆ ಕೂತು ಲೆಕ್ಕ ಹಾಕಿದೆ, ಇದನ್ನು ಮೊದಲೇ ಹಾಕಬೇಕಿತ್ತು.

ಜಿಎಚ್5ನಲ್ಲಿ 4ಕೆ 10 ಬಿಟ್ ಅಂದರೆ ಸೆಕೆಂಡಿಗೆ 150 ಮೆಗಾಬಿಟ್. ಗಂಟೆಗೆ ಸುಮಾರು 67 ಜಿಬಿ. 40 ಜನ, ತಲಾ ಮೂರು ಗಂಟೆ, ಒಟ್ಟು 120 ಗಂಟೆ: 8 ಟಿಬಿ. ಎರಡು ಪ್ರತಿ ಇಟ್ಟರೆ 16. ಅದೇ 8 ಬಿಟ್, 100 ಮೆಗಾಬಿಟ್‌ನಲ್ಲಿ ಮಾಡಿದರೆ ಗಂಟೆಗೆ 45 ಜಿಬಿ, ಒಟ್ಟು 5.4 ಟಿಬಿ, ಎರಡು ಪ್ರತಿಗೆ ಹನ್ನೊಂದರ ಹತ್ತಿರ. ಬಣ್ಣ ತಿದ್ದುವ ಕೆಲಸ ನನಗೆ ಕಡಿಮೆ. ಹಾಗಿದ್ದರೆ 8 ಬಿಟ್ ಸಾಕಲ್ಲವೆ?

ಬೆಂಗಳೂರು ಫ್ರೇಮ್ಸ್

ಸಾಕು, ಒಂದು ಷರತ್ತಿನ ಮೇಲೆ. ಲಾಗ್ ಪ್ರೊಫೈಲಿನಲ್ಲಿ (ಆಮೇಲೆ ಬಣ್ಣ ತಿದ್ದಲೆಂದು ಚಿತ್ರವನ್ನು ಮಸುಕಾಗಿ ಹಿಡಿಯುವ ಬಗೆ) ಮಾಡಬೇಡಿ. 8 ಬಿಟ್‌ನಲ್ಲಿ ಲಾಗ್ ಹಾಕಿ ಆಮೇಲೆ ಎಳೆದರೆ ಸುಣ್ಣದ ಗೋಡೆಯ ಮೇಲೆ ಪಟ್ಟೆ ಪಟ್ಟೆ ಏಳುತ್ತದೆ. ಸಾಮಾನ್ಯ ಪ್ರೊಫೈಲು, ವೈಟ್ ಬ್ಯಾಲೆನ್ಸ್ ಕೈಯಿಂದ ಹಾಕಿ, ಎಕ್ಸ್‌ಪೋಷರ್ ಅಲ್ಲೇ ಸರಿಯಾಗಿ ಹಿಡಿಯಿರಿ. 4ಕೆ ಮಾತ್ರ ಬಿಡಬೇಡಿ. ಕೊನೆಯ ಚಿತ್ರ 1080ರಲ್ಲಿ ಆದರೆ ಅದೇ ಶಾಟಿನಿಂದ ಹತ್ತಿರದ ಇನ್ನೊಂದು ಫ್ರೇಮು ಕತ್ತರಿಸಿಕೊಳ್ಳಬಹುದು, ಒಬ್ಬರೇ ಇರುವವರಿಗೆ ಎರಡನೇ ಕ್ಯಾಮೆರಾ ಇದ್ದ ಹಾಗೆ. ಕೈಗಳಿಗೆ ಮಾತ್ರ ಪಕ್ಕದಿಂದ ನಿಮ್ಮ ಫೋನು ಇಡಿ.

ಕೊಳ್ಳುವ ಮೊದಲು ಒಂದು ಪರೀಕ್ಷೆ ಮಾಡಿ. ಯಾವ ಬಾಡಿ ಆದರೂ ಸರಿ, ಮಾರುವವರ ಎದುರೇ ನೀವು ಬಳಸುವ ಸೆಟ್ಟಿಂಗಿನಲ್ಲೇ ರೆಕಾರ್ಡ್ ಒತ್ತಿ ಒಂದೂವರೆ ಗಂಟೆ ಅಲ್ಲೇ ಕೂತುಬಿಡಿ. ನಿಂತರೆ ಬೇಡ ಅನ್ನಿ.

ಧಾರವಾಡ ಸೌಂಡ್

ಕರೆಂಟಿಗೆ ಏನ್ ಮಾಡ್ತೀರಿ? ಡಮ್ಮಿ ಬ್ಯಾಟರಿ (ಬ್ಯಾಟರಿ ಜಾಗಾದಾಗ ಕುಂದ್ರೂ, ವೈರ್ ಇರೋ ಖಾಲಿ ಡಬ್ಬಿ) ಹಾಕಿ ಪವರ್ ಬ್ಯಾಂಕಿಗೆ ಜೋಡಿಸ್ರಿ, ಗ್ವಾಡಿ ಪ್ಲಗ್ಗಿಗೆ ಬ್ಯಾಡ. ಕರೆಂಟ್ ಹೋದ್ರ ಕ್ಯಾಮೆರಾ ಅಲ್ಲೇ ಬಂದ್ ಆಗಿ ಫೈಲ್ ಕೆಡಬಹುದು. ಮತ್ತ ಮಳಿ? ಹಂಚಿನ ಮ್ಯಾಲೆ ಮಳಿ ಬಿದ್ರ ಯಾ ಮೈಕೂ ಉಳಸಂಗಿಲ್ಲ. ಜೂನ್ ಜುಲೈ ಬಿಟ್ಟ ಬಿಡ್ರಿ, ಆಗ ಸುಮ್ಮ ಹೋಗಿ ಚಹಾ ಕುಡದ ಮಾತಾಡಿ ಬರ್ರಿ.

ಶರಾವತಿ ದಂಡೆ

*ಐದು ವಾರದ ಬಳಿಕ*

ಕೊಂಡದ್ದು: ಸೆಕೆಂಡ್‌ಹ್ಯಾಂಡ್ ಜಿಎಚ್5, ಒಂದು 12-35 ಎಫ್ 2.8 ಲೆನ್ಸು, ಒಳಗೆ ರೆಕಾರ್ಡ್ ಆಗುವ ವೈರ್‌ಲೆಸ್ ಮೈಕು, ತಗ್ಗಿಗೆ ಇಳಿಯುವ ಟ್ರೈಪಾಡು, ಒಂದು ಪ್ಯಾನೆಲ್ಲು, ಎರಡು ಹಾರ್ಡ್ ಡಿಸ್ಕು. ಒಂದು ಡಿಸ್ಕು ನನ್ನ ಹತ್ತಿರ, ಇನ್ನೊಂದು ಶಿವಮೊಗ್ಗದ ಅತ್ತೆ ಮನೆಯಲ್ಲಿ. ಮಾರುವವರ ಮನೆಯಲ್ಲಿ ಒಂದೂವರೆ ಗಂಟೆ ಕೂತೆ. ಅವರೂ ಕಾಫಿ ಕೊಟ್ಟು ಕೂತರು, ನಿಲ್ಲಲಿಲ್ಲ.

ನಿನ್ನೆ ಮೊದಲ ಪೂರ್ತಿ ಸಂದರ್ಶನ ಆಯಿತು. ಮದುವೆಯಾಗಿ ಬಂದ ಮೂರನೇ ವರ್ಷಕ್ಕೆ ಊರು ಬಿಟ್ಟ ಅಜ್ಜಿ. ಅಡಿಕೆ ಚಪ್ಪರದ ಕೆಳಗೆ ಬೆಳಕು ಹದವಾಗಿತ್ತು, ಅಲ್ಲೇ ಚಾಪೆ ಹಾಸಿದೆವು. ಮೊದಲಿಗೆ ಅವರ ಒಪ್ಪಿಗೆಯನ್ನು ಕ್ಯಾಮೆರಾ ಎದುರೇ ಕೇಳಿ ದಾಖಲಿಸಿದೆ. ವಿಡಿಯೊ ಯಾರು ನೋಡಬಹುದು, ಎಲ್ಲಿಡುತ್ತೇನೆ, ಬೇಡ ಅನಿಸಿದರೆ ತೆಗೆಸಬಹುದು ಅಂತಲೂ ಹೇಳಿದೆ. 2 ಗಂಟೆ 40 ನಿಮಿಷ ಒಂದೇ ಓಟ. ಫೋಕಸ್ ಒಂದು ಕಡೆ ತಪ್ಪಿದೆ, ಮೊಮ್ಮಗು ಬಂದು ತೊಡೆ ಏರಿದಾಗ ಅಜ್ಜಿ ಹಿಂದೆ ವಾಲಿದರು. ಮುಂದಿನ ಸಲ ಎಫ್ 4.

ಕೊನೆಗೆ ಧಾರವಾಡದ ಅಣ್ಣ ಹೇಳಿದ ಹಾಗೆ “ಒಂದು ನಿಮಿಷ ಯಾರೂ ಮಾತಾಡುವುದು ಬೇಡ ಅಮ್ಮ” ಅಂದೆ. ಕ್ಯಾಮೆರಾ ನಿಲ್ಲಿಸಿರಲಿಲ್ಲ. ಅಜ್ಜಿ ಸುಮ್ಮನೆ ಕೂತರು, ಹೆಬ್ಬೆರಳು ಮಾತ್ರ ಬೆರಳ ಗೆಣ್ಣಿನ ಮೇಲೆ ಒಂದೊಂದಾಗಿ ಸರಿಯುತ್ತಿತ್ತು. ಜಪ ಅಂದುಕೊಂಡೆ. ನಿಮಿಷ ಮುಗಿಯಿತು ಅಂತ ತಲೆಯಾಡಿಸಿದ್ದೇ “ಹದ್ನಾಲ್ಕು ಮನೆ” ಅಂದರು. ಆಮೇಲೆ ಹೊಳೆಯ ಕಡೆಯಿಂದ ಶುರು ಮಾಡಿ ಒಂದೊಂದು ಮನೆ, ಯಾರದು, ಅಂಗಳ ಯಾವ ದಿಕ್ಕಿಗೆ, ಬಾವಿ ಯಾರ ಮನೆಯದು ಸಿಹಿ. ಇನ್ನೂ ಇಪ್ಪತ್ತೆರಡು ನಿಮಿಷ. ಎರಡು ಗಂಟೆ ನಾನು ಕೇಳಿದ ಯಾವ ಪ್ರಶ್ನೆಗೂ ಅದು ಬಂದಿರಲಿಲ್ಲ.

ಧಾರವಾಡ ಸೌಂಡ್

ಅಕ್ಕಾರ, ಮೈಕ್ ಚಾಲು ಇತ್ತಲ್ರಿ?

ಶರಾವತಿ ದಂಡೆ

ಇತ್ತು ಅಣ್ಣ. ಕ್ಯಾಮೆರಾದಲ್ಲೂ ಇದೆ, ಟ್ರಾನ್ಸ್‌ಮಿಟರ್ ಒಳಗೂ ಇದೆ, ರಾತ್ರಿಯೇ ಎರಡೂ ಡಿಸ್ಕಿಗೆ ಹಾಕಿದೆ. ನಾಡಿದ್ದು ಶರಾವತಿ ಹಿನ್ನೀರಿನಾಚೆಯ ತುಮರಿ ಕಡೆ ಹೋಗುತ್ತಿದ್ದೇನೆ. ಡಮ್ಮಿ ಬ್ಯಾಟರಿಯ ವೈರು ಗಿಡ್ಡವಾಗಿ ಪವರ್ ಬ್ಯಾಂಕು ಟ್ರೈಪಾಡಿಗೆ ಜೋತಾಡುತ್ತದೆ, ಟ್ರೈಪಾಡಿನ ಕಾಲಿಗೆ ಕಟ್ಟಲು ಯಾವುದಾದರೂ ಚೀಲ ಬಳಸಿದ್ದರೆ ಹೇಳಿ.

ಬೀಟಾ ಕಾಲದವ

ಹಳೇ ಜೀನ್ಸ್ ಪ್ಯಾಂಟಿನ ಜೇಬು ಕತ್ತರಿಸಿ ಎರಡು ವೆಲ್ಕ್ರೊ ಪಟ್ಟಿ ಹೊಲಿಸಿ. ಕೆಳಗಿನ ಕಾಲಿಗೆ ಕಟ್ಟಿದರೆ ಟ್ರೈಪಾಡಿಗೆ ಭಾರವೂ ಸಿಗುತ್ತದೆ.